ಎದೆಗೊಂದು ಹತ್ತಿಯ ಪದರ

ನಮ್ಮೂರಿನ ಗಂಡಸರ ಸೊಂಟದ ಸುತ್ತಳತೆ ಅವರ ಹೆಂಡತಿಯರಿಗಿಂತ ನನಗೆ ಚೆನ್ನಾಗಿ ಗೊತ್ತು. ಅಪ್ಪ ಬಿಟ್ಟುಹೋದ ಹೊಲಿಗೆ ಅಂಗಡಿಯಲ್ಲಿ ಮೂವತ್ತೊಂದು ವರ್ಷದಿಂದ ಕೂತಿದ್ದೇನೆ. ಯಾರ ಪ್ಯಾಂಟನ್ನು ಯಾವ ವರ್ಷ ಎಷ್ಟು ಬಿಚ್ಚಿ ಅಗಲ ಮಾಡಿದೆ ಎಂದು ಪುಸ್ತಕ ನೋಡದೆ ಹೇಳಬಲ್ಲೆ. ಬಂದವರೆಲ್ಲ ಹೇಳುವುದು ಒಂದೇ ಮಾತು: "ನೀರಿಗೆ ಹಾಕಿದ್ಮೇಲೆ ಬಟ್ಟೆ ಕುಗ್ಗಿಬಿಡ್ತು ಕಣ್ರೀ ದಾಕ್ಷಾಯಿಣಿ." ನಾನು ತಲೆಯಾಡಿಸುತ್ತೇನೆ. ಒಂದೇ ಅಂಗಡಿಯ ಬಟ್ಟೆ ಹೆಂಡತಿಯ ಕುಪ್ಪಸವಾದರೆ ಕುಗ್ಗುವುದಿಲ್ಲ, ಗಂಡನ ಪ್ಯಾಂಟಾದರೆ ವರ್ಷಕ್ಕೆರಡು ಇಂಚು ಕುಗ್ಗುತ್ತದೆ. ಕೇಳಿಕೊಂಡು ಸುಮ್ಮನಿರುವುದು ನನ್ನ ಕಸುಬಿನ ಒಂದು ಭಾಗ.

ನಮ್ಮೂರಲ್ಲಿ ಒಬ್ಬರ ಎದೆಬಡಿತ ಇನ್ನೊಬ್ಬರಿಗೆ ಕೇಳುತ್ತದೆ. ಆರೇಳು ಮಾರು ದೂರದಿಂದ, ಬಾಗಿಲು ತಟ್ಟಿದಷ್ಟು ಸ್ಪಷ್ಟವಾಗಿ. ತನ್ನದು ಮಾತ್ರ ತನಗೆ ಕೇಳುವುದಿಲ್ಲ. ಇದು ಯಾವಾಗಿನಿಂದ ಹೀಗೆ ಎಂದು ಯಾರೂ ತಲೆ ಕೆಡಿಸಿಕೊಂಡಿಲ್ಲ. ಸಿನಿಮಾ ಮಂದಿರದವರು ಸೌಂಡ್ ಜೋರು ಇಡುತ್ತಾರೆ, ಪರೀಕ್ಷೆ ನಡೆಯುವ ಕೋಣೆಯಲ್ಲಿ ಮೇಷ್ಟ್ರು ಕಿವಿಗೆ ಹತ್ತಿ ತುರುಕಿಕೊಳ್ಳುತ್ತಾರೆ, ಅಷ್ಟೇ. ಹೆಣ್ಣು ನೋಡಲು ಬಂದವರು ಮೊದಲು ಹೆಣ್ಣಿನ ಎದೆ ಕೇಳುತ್ತಾರೆ. ನನ್ನನ್ನು ನೋಡಲು ಬಂದವರೂ ಕೇಳಿದ್ದರು. ಉಪ್ಪಿಟ್ಟಿನ ತಟ್ಟೆ ಹಿಡಿದು ಹೊರಗೆ ಬಂದ ಇಪ್ಪತ್ತೆರಡು ವರ್ಷದ ಹುಡುಗಿಯ ಎದೆ ಜೋರಾಗಿ ಬಡಿದುಕೊಳ್ಳದೆ ಇನ್ನೇನು ಮಾಡೀತು? "ಹುಡುಗಿಗೆ ಗಟ್ಟಿತನ ಸಾಲದು" ಎಂದು ಹೇಳಿ ಕಳಿಸಿದರು. ಉಪ್ಪಿಟ್ಟನ್ನು ಮಾತ್ರ ಎರಡೆರಡು ಸಲ ಹಾಕಿಸಿಕೊಂಡು ತಿಂದಿದ್ದರು.

ಹೀಗಿರುವ ಊರಿನಲ್ಲಿ ಎದೆಯ ಆರೋಗ್ಯದ ಬಗ್ಗೆ ಜನಕ್ಕೆ ಎಷ್ಟು ಕಾಳಜಿ ಇರಬೇಡ! ಇದೆ. ಕಾಳಜಿಯೇ ತುಂಬಿ ತುಳುಕುತ್ತಿದೆ. ಹೃದಯಮಿತ್ರ ಸಂಘ ಅಂತ ಒಂದಿದೆ. ಅದರ ಅಧ್ಯಕ್ಷರು ಇಂದುಧರ, ನಿವೃತ್ತ ಅಂಚೆ ಮಾಸ್ತರರು. ಕೆರೆ ಏರಿಯ ಗೋಡೆಯ ಮೇಲೆ ಅವರೇ ನಿಂತು ಬರೆಸಿದ ಸೂತ್ರಗಳಿವೆ: ದಿನಾ ಅರ್ಧ ಗಂಟೆ ನಡೆಯಿರಿ, ಉಪ್ಪು ಕಡಿಮೆ ಮಾಡಿ, ಕರಿದದ್ದು ಬಿಡಿ, ಹೊಗೆ ಬಿಡಿ, ಹೊತ್ತಿಗೆ ಸರಿಯಾಗಿ ಮಲಗಿ, ಕೋಪ ಮಾಡಿಕೊಳ್ಳಬೇಡಿ. ಬೆಳಗಾದರೆ ಸಂಘದವರು ಬಿಳಿ ಬೂಟು ಹಾಕಿ ಏರಿಯ ಮೇಲೆ ಎರಡು ಸುತ್ತು ಬರುತ್ತಾರೆ. ಕಾಲು ನಡೆಯುವುದಕ್ಕಿಂತ ಬಾಯಿ ನಡೆಯುವುದೇ ಹೆಚ್ಚು. ಆಮೇಲೆ ನೇರ ಬಸ್‌ಸ್ಟ್ಯಾಂಡಿನ ಹೋಟೆಲಿಗೆ. ನಡೆದು ಕರಗಿಸಿದ್ದಕ್ಕೆ ಎರಡರಷ್ಟು ಉದ್ದಿನ ವಡೆ, ಮೇಲೊಂದು ಕೇಸರಿಬಾತು. "ನಡೆದ್ವಲ್ಲ, ಇದು ನಡಿಯುತ್ತೆ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದನ್ನು ನನ್ನ ಅಂಗಡಿಯಿಂದಲೇ ಕೇಳಬಹುದು. ಕೋಪ ಮಾಡಿಕೊಳ್ಳಬಾರದೆಂಬ ಸೂತ್ರದ ಪದಜೋಡಣೆಯ ವಿಷಯಕ್ಕೆ ಖಜಾಂಚಿಗೂ ಕಾರ್ಯದರ್ಶಿಗೂ ಆದ ಜಗಳ ಇನ್ನೂ ಮುಗಿದಿಲ್ಲ.

ಆದರೂ ಸಂಘದವರ ಎದೆಗಳು ಸಭೆಯಲ್ಲಿ ಗಡಿಯಾರದಂತೆ ಕೇಳುತ್ತವೆ. ಅದಕ್ಕೆ ಕಾರಣ ಗೋಡೆಯ ಮೇಲಿನ ಸೂತ್ರಗಳಲ್ಲ, ನಾನು. ಎರಡು ತೆಳು ಮಲ್‌ಬಟ್ಟೆಯ ನಡುವೆ ಹಿಂಜಿದ ಹತ್ತಿ ಇಟ್ಟು, ಅಡ್ಡಡ್ಡ ಹೊಲಿಗೆ ಹಾಕಿ, ಬನಿಯನ್ನಿನ ಎಡಭಾಗಕ್ಕೆ ಒಳಗಿನಿಂದ ಕೂರಿಸಿಬಿಟ್ಟರೆ ಬಡಿತದ ಏರುಪೇರೆಲ್ಲ ಹತ್ತಿ ನುಂಗಿಕೊಂಡು, ಒಂದೇ ಸಮನಾದ ಸದ್ದು ಮಾತ್ರ ಹೊರಗೆ ಬರುತ್ತದೆ. ಮಧ್ಯಾಹ್ನ ಬೀದಿಯಲ್ಲಿ ಜನ ಇಲ್ಲದಾಗ ಒಬ್ಬೊಬ್ಬರಾಗಿ ಬರುತ್ತಾರೆ. "ಚಳಿಗಾಲ ನೋಡಿ, ಎದೆ ಬೆಚ್ಚಗಿರ್ಲಿ ಅಂತ" ಎನ್ನುತ್ತಾರೆ, ಏಪ್ರಿಲ್ ತಿಂಗಳಲ್ಲಿ. ಇಂದುಧರರದು ಒಂದು ಪದರದಿಂದ ಶುರುವಾಗಿ ಈಗ ಮೂರಕ್ಕೆ ಬಂದಿದೆ. ಉಪ್ಪಿನಕಾಯಿ ಬಿಡು ಎಂದರೆ ಬಿಡಲಾರರು, ಬಿಸಿಲಿನಲ್ಲಿ ಹತ್ತಿ ಕಟ್ಟಿಕೊಂಡು ಬೇಕಾದರೆ ಬೇಯುತ್ತಾರೆ. ನಾನು ನಗದೆ ಅಳತೆ ತೆಗೆದುಕೊಳ್ಳುತ್ತಿದ್ದೆ. ಊರಿನ ಗುಟ್ಟೆಲ್ಲ ನನ್ನ ಸೂಜಿಯ ತುದಿಯಲ್ಲಿದೆ ಎಂಬ ಹೆಮ್ಮೆಯೂ ಇತ್ತು, ಸುಳ್ಳು ಹೇಳುವುದಿಲ್ಲ.

ಅಂಥ ಒಂದು ಮಧ್ಯಾಹ್ನ ನನ್ನ ತಮ್ಮ ಪಶುಪತಿ ಬಂದ. ನನಗಿಂತ ಎಂಟು ವರ್ಷ ಚಿಕ್ಕವನು. ಊರಿನ ಟೌನ್ ಬಸ್ಸಿನ ಡ್ರೈವರು. ಬೆಳಗಿನ ಶಾಲೆಯ ಟ್ರಿಪ್ಪು ಅವನದೇ. ಅವನು ಮೆಟ್ಟಿಲು ಹತ್ತುವ ಮೊದಲೇ ಅವನ ಎದೆ ನನಗೆ ಕೇಳಿಸಿತು. ಮೂರು ಬಡಿತ ಸರಿಯಾಗಿ ಬಂದು, ನಾಲ್ಕನೆಯದು ಎಡವಿ, ಆಮೇಲೆ ಎರಡು ಒಟ್ಟೊಟ್ಟಿಗೆ ಬಿದ್ದಂತೆ. ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟೆ.

"ಯಾವಾಗಿಂದ?" ಎಂದೆ.

"ದೀಪಾವಳಿ ಆದ್ಮೇಲಿಂದ ಅಂತಾಳೆ ಜಲಜಾ. ನಂಗೇನ್ ಕೇಳುತ್ತಾ?" ಎಂದು ಸ್ಟೂಲಿನ ಮೇಲೆ ಕೂತ. ಜಲಜಾ ಅವನ ಹೆಂಡತಿ. ಅಂಗಿಯ ತುಂಬ ಬೀಡಿಯ ವಾಸನೆ. "ಬಸ್ಸಲ್ಲಿ ಇಂಜಿನ್ ಸದ್ದಿಗೆ ಯಾರ್ಗೂ ಗೊತ್ತಾಗಲ್ಲ ಅಕ್ಕ. ಆದ್ರೆ ಮುಂದಿನ ಸೋಮವಾರ ಡಿಪೋದಲ್ಲಿ ಎದೆ ಕೇಳ್ತಾರೆ. ಒಬ್ಬೊಬ್ಬರನ್ನೇ ಶೆಡ್ಡಲ್ಲಿ ನಿಲ್ಸಿ. ಒಂದು ಬನಿಯನ್ ಹೊಲ್ದುಕೊಡು."

"ಡಾಕ್ಟರ ಹತ್ರ ಹೋಗು."

"ಹೋದ್ರೆ ಬರೀತಾರೆ. ಬರೆದ್ರೆ ಸ್ಟೇರಿಂಗ್ ಹೋಗುತ್ತೆ."

"ತಲೆ ಗಿಲೆ ತಿರುಗುತ್ತೇನೋ?"

ಅವನು ಅಂಗಡಿಯ ಹೊರಗೆ ನೋಡಿದ. "ಕೆರೆ ತಿರುವಲ್ಲಿ ಒಂದ್ಸಲ ಕಣ್ಣು ಮಂಜಾಯ್ತು. ಒಂದೇ ಸಲ. ಆಮೇಲೆ ಸರಿ ಹೋಯ್ತು."

ಕೆರೆಯ ತಿರುವಿನಲ್ಲಿ ಒಂದು ಕಡೆ ಗೋಡೆ, ಇನ್ನೊಂದು ಕಡೆ ನೀರು. ಬೆಳಗಿನ ಟ್ರಿಪ್ಪಿನಲ್ಲಿ ಐವತ್ತು ಮಕ್ಕಳು ಒಬ್ಬರ ಮೇಲೊಬ್ಬರು ನಿಂತಿರುತ್ತಾರೆ. ನಾನು ಆಗುವುದಿಲ್ಲ ಎಂದೆ. ಅವನಿಗೆ ಸಿಟ್ಟು ಬಂತು. ಸಿಟ್ಟಿಗೆ ಅವನ ಎದೆ ಇನ್ನಷ್ಟು ಮುಗ್ಗರಿಸಿತು. "ಊರಿಗೆಲ್ಲ ಹೊಲೀತೀಯ! ಆ ಇಂದುಧರಂಗೆ ಮೂರು ಪದರ ಹಾಕ್ಕೊಡ್ತೀಯ! ಒಡಹುಟ್ಟಿದವನಿಗೆ ಹೊಲಿಯೋಕೆ ನಿನ್ ಕೈ ಬರಲ್ವಾ? ಬಿಡು, ಕೆಳಬೀದಿ ದರ್ಜಿ ಹತ್ರ ಹೋಗ್ತೀನಿ."

ಹೋಗುತ್ತಾನೆ ಎಂದು ಗೊತ್ತಿತ್ತು. ಕೆಳಬೀದಿಯವನು ಹತ್ತಿಯ ಜೊತೆ ರಬ್ಬರ್ ಹಾಳೆಯನ್ನೂ ಇಟ್ಟು ಹೊಲಿಯುತ್ತಾನೆ, ಒಳಗೆ ಡೋಲು ಬಾರಿಸಿದರೂ ಹೊರಗೆ ಕೇಳುವುದಿಲ್ಲ. "ಶನಿವಾರ ಬಂದು ತಗೊಂಡು ಹೋಗು" ಎಂದೆ.

ಎರಡು ದಿನ ಆ ಬನಿಯನ್ನನ್ನು ಎದುರಿಗಿಟ್ಟುಕೊಂಡು ಕೂತೆ. ಕೊನೆಗೆ ಹತ್ತಿ ಇರಬೇಕಾದ ಕಡೆ ಬಕ್ರಮ್ ಇಟ್ಟೆ, ಕಾಲರಿಗೆ ಹಾಕುವ ಗಟ್ಟಿ ಬಟ್ಟೆ. ಮುಟ್ಟಿದರೆ ದಪ್ಪಗೆ ಅನಿಸುತ್ತದೆ, ಸದ್ದನ್ನು ಎಳ್ಳಷ್ಟೂ ತಡೆಯುವುದಿಲ್ಲ. ಅಡ್ಡಡ್ಡ ಹೊಲಿಗೆ ಮಾತ್ರ ಇಂದುಧರರದಕ್ಕಿಂತ ನೀಟಾಗಿ ಹಾಕಿದೆ. ಶನಿವಾರ ಅವನು ಹಾಕಿಕೊಂಡು ನಿಂತು, "ಹೆಂಗ್ ಕೇಳುತ್ತೆ?" ಎಂದ. ಮುಗ್ಗರಿಸುವ ಎದೆ ನನ್ನ ಮುಖಕ್ಕೇ ಬಡಿದಂತೆ ಕೇಳುತ್ತಿತ್ತು. "ಏನೂ ಕೇಳಲ್ಲ" ಎಂದೆ. ಅವನು ನಕ್ಕು ನನ್ನ ಭುಜ ತಟ್ಟಿ ಹೋದ. ಜಲಜಾಗೂ ನಾನು ಮೊದಲೇ ಹೇಳಿಟ್ಟಿದ್ದೆ. ಗಂಡ ಮನೆಯಲ್ಲಿ ಕೇಳಿದರೆ ಅವಳೂ ಅದನ್ನೇ ಹೇಳಬೇಕಿತ್ತು. ಹೇಳಿದಳು. ಗಂಡನ ಎದೆ ಕುಂಟುವುದನ್ನು ಕೇಳಿಸಿಕೊಂಡು ನಾಲ್ಕು ತಿಂಗಳಿಂದ ನಿದ್ದೆಗೆಟ್ಟಿದ್ದಳು ಆಕೆ.

ಸೋಮವಾರ ಡಿಪೋದ ಶೆಡ್ಡಿನಲ್ಲಿ ಬಸ್ಸುಗಳನ್ನೆಲ್ಲ ಆರಿಸಿ ನಿಲ್ಲಿಸಿದ್ದರಂತೆ. ಪಶುಪತಿ ಎದೆಯುಬ್ಬಿಸಿಕೊಂಡು ಮುಂದೆ ಬಂದನಂತೆ. ಸೂಪರಿಂಟೆಂಡೆಂಟು ಹತ್ತಿರ ಬಗ್ಗುವ ಅಗತ್ಯವೇ ಬೀಳಲಿಲ್ಲವಂತೆ. ಹಿಂದಿನ ಸಾಲಿನಲ್ಲಿ ನಿಂತಿದ್ದ ಕಂಡಕ್ಟರುಗಳೂ ತಲೆಯೆತ್ತಿ ನೋಡಿದರಂತೆ. ಆವತ್ತೇ ಅವನಿಂದ ಬಸ್ಸಿನ ಕೀ ತೆಗೆದುಕೊಂಡು ಡಾಕ್ಟರ ಬಳಿಗೆ ಚೀಟಿ ಬರೆದುಕೊಟ್ಟರು. ವಾಪಸ್ಸು ಬಂದ ಮೇಲೆ ಶೆಡ್ಡಿನಲ್ಲಿ ಬಸ್ಸು ತೊಳೆಸುವ ಉಸ್ತುವಾರಿ.

ಸಂಜೆ ಅವನು ಅಂಗಡಿಗೆ ಬಂದು ಬನಿಯನ್ನನ್ನು ನನ್ನ ಮಿಷನ್ನಿನ ಮೇಲೆ ಎಸೆದ. ಹೊಲಿಗೆ ಬಿಚ್ಚಿ ಬಕ್ರಮ್ ಹೊರಗೆ ಎಳೆದಿದ್ದ. "ಎಲ್ಲರ ಮುಂದೆ ನನ್ನ ಬೆತ್ತಲೆ ಮಾಡ್ದೆ" ಎಂದ. "ಆಗಲ್ಲ ಅಂದಿದ್ರೆ ಸಾಕಾಗಿತ್ತು. ಹೊಲ್ದುಕೊಟ್ಟು, ಭುಜ ತಟ್ಟಿಸ್ಕೊಂಡು... ಇನ್ಮೇಲೆ ನಾನು ಸತ್ರೂ ನೀನು ಬರ್ಬೇಡ."

"ಸಾಯ್ಬಾರ್ದು ಅಂತ್ಲೇ ಮಾಡಿದ್ದು ಕಣೋ" ಎಂದೆ. ಆದರೆ ಅವನು ಆಗಲೇ ಬೀದಿಗೆ ಇಳಿದಿದ್ದ.

ಅಲ್ಲಿಂದ ಹದಿನಾಲ್ಕು ತಿಂಗಳು ಅವನು ನನ್ನ ಜೊತೆ ಮಾತಾಡಲಿಲ್ಲ. ನನ್ನ ತಮ್ಮ ಸೂತ್ರ ಓದಿ ಸುಧಾರಿಸುವ ಜಾತಿಯವನಲ್ಲ. ಅವನನ್ನು ನಡೆಸಿದ್ದು ಬರೀ ಜಂಬ. ಬೇರೆಯವನು ಓಡಿಸುವ ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಂಡು ಕೂರಲು ಅವನಿಗೆ ಆಗಲಿಲ್ಲ. ಹಾಗಾಗಿ ಮನೆಯಿಂದ ಡಿಪೋಗೆ ಮೂರು ಕಿಲೋಮೀಟರು ನಡೆಯತೊಡಗಿದ, ಸಂಜೆ ಮತ್ತೆ ಮೂರು. ದಾರಿ ನನ್ನ ಅಂಗಡಿಯ ಮುಂದೆಯೇ. ಬೆಳಿಗ್ಗೆ ಆರೂಕಾಲಿಗೆ ಮುಖ ಆಚೆ ತಿರುಗಿಸಿಕೊಂಡು ಹೋಗುತ್ತಿದ್ದ. ಮುಖ ತಿರುಗಿಸಿದರೇನು, ಎದೆಯನ್ನು ಎಲ್ಲಿಗೆ ತಿರುಗಿಸುತ್ತಾನೆ? ನಾನು ಬಾಗಿಲು ಅರ್ಧ ತೆರೆದುಕೊಂಡು ಕೇಳುತ್ತಿದ್ದೆ. ಮೊದಲ ತಿಂಗಳು ಆ ಸದ್ದು ಒಡೆದ ಚಕ್ರದ ಗಾಡಿಯಂತೆ ಬರುತ್ತಿತ್ತು. ಅಂಗಡಿಯ ಮುಂದಿನ ಏರಿನಲ್ಲಿ ನಿಂತು ಉಸಿರು ಎಳೆದುಕೊಳ್ಳುತ್ತಿದ್ದ. ಬೇಕೆಂದೇ ನನ್ನ ಕಡೆ ಬೆನ್ನು ಮಾಡಿ.

ಜಲಜಾ ಕುಪ್ಪಸದ ನೆಪ ಮಾಡಿಕೊಂಡು ಬಂದು ಸುದ್ದಿ ಹೇಳುತ್ತಿದ್ದಳು. "ಡಾಕ್ಟರಮ್ಮ ಬಿಪಿ ಜಾಸ್ತಿ ಇದೆ ಅಂದ್ರು ಅತ್ತಿಗೆ. ಮಾತ್ರೆ ಒಂದಿನಾನೂ ತಪ್ಪಿಸ್ಬಾರ್ದಂತೆ. ಶೆಡ್ಡಲ್ಲಿ ಡೀಸೆಲ್ ಇರೋದ್ರಿಂದ ಬೀಡಿ ಹಚ್ಚಂಗಿಲ್ಲ, ಅಲ್ಲಿಗೆ ದಿನಕ್ಕೆ ಹತ್ತು ಉಳೀತು. ಮನೇಲಿ ಸೇದೋದನ್ನ ನಾನು ಬಿಡಿಸ್ದೆ. ಹೆಂಗೆ ಅಂದ್ರೆ, ಬೀಡಿ ಕಂಡ್ರೆ ಎದ್ದು ಅಮ್ಮನ ಮನೆಗೆ ಹೊರಟುಬಿಡ್ತಿದ್ದೆ. ಮೂರು ಸಲ ಹೋಗ್ಬೇಕಾಯ್ತು." ಇನ್ನೊಂದು ಸಲ ಬಂದಾಗ, "ಸಾರು ಸಪ್ಪೆ ಅಂತ ತಟ್ಟೆ ತಳ್ಳಿದ್ರು. ಹಸ್ಕೊಂಡು ಮಲಗ್ಲಿ ಅಂತ ಬಿಟ್ಟೆ. ಈಗ ನಾವೇ ಉಪ್ಪು ಸ್ವಲ್ಪ ಹಾಕಿದ್ರೂ ಕಡಲು ಕುಡ್ದಂಗಾಗುತ್ತೆ ಅಂತಾರೆ" ಎಂದು ನಕ್ಕಳು. ನನ್ನ ಸುದ್ದಿ ಏನಾದರೂ ಕೇಳುತ್ತಾನಾ ಎಂದು ನಾನು ಪ್ರತಿ ಸಲವೂ ಕೇಳುತ್ತಿದ್ದೆ. ಅವಳು ಕುಪ್ಪಸದ ತೋಳಿನ ಅಳತೆಯ ಮಾತು ತೆಗೆಯುತ್ತಿದ್ದಳು.

ಆರನೇ ತಿಂಗಳಿಗೆ ಅವನು ಏರಿನಲ್ಲಿ ನಿಲ್ಲುವುದನ್ನು ಬಿಟ್ಟ. ಹತ್ತನೇ ತಿಂಗಳಿಗೆ ನಾಲ್ಕನೆಯ ಬಡಿತ ಎಡವುವುದು ನಿಂತಿತು. ಎದುರಿನ ಹೋಟೆಲಿನಲ್ಲಿ ವಡೆ ತಿನ್ನುತ್ತಿದ್ದ ಸಂಘದವರು ಅವನು ಹೋಗುವಾಗ ಮಾತು ನಿಲ್ಲಿಸಿ ಕೇಳುತ್ತಿದ್ದರು. ಹತ್ತಿಯಿಲ್ಲದೆ ಹಾಗೆ ಬಡಿಯುವ ಎದೆ ಅವರಿಗೆ ಅಪರೂಪ. ಇಂದುಧರರು ಅವನನ್ನು ಸಂಘದ ವಾರ್ಷಿಕೋತ್ಸವಕ್ಕೆ ಕರೆದು ಶಾಲು ಹೊದಿಸುತ್ತೇವೆ ಎಂದರಂತೆ. "ಸಂಘದ ಸೂತ್ರಗಳಿಂದ ಗುಣವಾದೆ ಅಂತ ನಾಲ್ಕು ಮಾತು ಹೇಳಿ" ಎಂದರಂತೆ. ಅವನು ಏನು ಉತ್ತರ ಕೊಟ್ಟನೆಂದು ಜಲಜಾ ಹೇಳಲಿಲ್ಲ, ಸೆರಗು ಬಾಯಿಗಿಟ್ಟುಕೊಂಡಳು.

ಅವನು ಮಾತು ಬಿಟ್ಟ ಹದಿನೈದನೆಯ ತಿಂಗಳು. ಒಂದು ಮಧ್ಯಾಹ್ನ ಇಂದುಧರರು ನಾಲ್ಕನೆಯ ಪದರಕ್ಕೆ ಅಳತೆ ಕೊಡಲು ಬಂದು ಕೈ ಎತ್ತಿ ನಿಂತಿದ್ದರು. ನಾನು ಟೇಪು ಹಿಡಿದು ಎದ್ದಿದ್ದೆ. ಆ ಹೊತ್ತಿಗೆ ಪಶುಪತಿ ಬೀದಿಯಲ್ಲಿ ಬಂದ. ಅವತ್ತು ಡಿಪೋದಲ್ಲಿ ಅರ್ಧ ದಿನದ ರಜೆಯಂತೆ. ಅಂಗಡಿಯ ಮುಂದೆ ಬಂದವನು ನಿಂತ. ತಲೆ ಒಂದು ಕಡೆಗೆ ವಾಲಿಸಿದ. ಆಮೇಲೆ ಮೆಟ್ಟಿಲು ಹತ್ತಿ ಒಳಗೇ ಬಂದ. ಅವನು ನನ್ನನ್ನು ನೋಡದೆ ಇಂದುಧರರನ್ನು ಕೇಳಿದ: "ಸ್ವಾಮಿ, ಈಕೆ ಎದೆ ಯಾವಾಗಿಂದ ಹಿಂಗೆ ಬಡ್ಕೊಳ್ತಿದೆ?"

ಇಂದುಧರರು ಎತ್ತಿದ ಕೈ ಇಳಿಸಲಿಲ್ಲ.

"ದಿನಾ ಬರ್ತೀರಲ್ಲ ಇಲ್ಲಿಗೆ. ಬೆಳಿಗ್ಗೆ ಹೋಗ್ವಾಗ ಈಕೆ ಬಾಗ್ಲ ಹಿಂದೆ ಇರ್ತಾಳೆ, ಸಂಜೆ ಬರ್ವಾಗ ಮಿಷನ್ ತುಳೀತಿರ್ತಾಳೆ, ನಂಗೆ ಸರಿಯಾಗಿ ಕೇಳಿರ್ಲಿಲ್ಲ. ನಿಮಗೆ ಕೇಳಿಲ್ವಾ?"

"ಹಾಗಲ್ಲಪ್ಪ" ಎಂದರು ಇಂದುಧರರು, ಕೈಯನ್ನು ಆಕಾಶಕ್ಕೇ ಇಟ್ಟುಕೊಂಡು. "ಸಂಘದಲ್ಲಿ ಎಲ್ರಿಗೂ ಗೊತ್ತಿತ್ತು. ಒಂದು ವರ್ಷ ಆಯ್ತೇನೋ. ಹೆಂಗಸು, ಒಂಟಿ, ಬೇಜಾರು ಮಾಡ್ಕೊಂಡಾರು ಅಂತ... ಮತ್ತೆ ಇವರು ಅಂಗಡಿ ಮುಚ್ಚಿಬಿಟ್ರೆ ನಮಗೂ..."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹೆಣ್ಣು ನೋಡಲು ಬಂದಲ್ಲಿ ಗಟ್ಟಿಯಾಗಿ ಆಡಿಕೊಳ್ಳುವ ಈ ಊರು, ಪರರ ಎದೆಯ ಮೇಲೆ ಕಿವಿಯಿಟ್ಟೇ ಬದುಕುವ ಈ ಊರು, ನನ್ನ ವಿಷಯದಲ್ಲಿ ಮಾತ್ರ ಒಂದು ವರ್ಷ ಮರ್ಯಾದೆಯಿಂದ ಬಾಯಿ ಮುಚ್ಚಿಕೊಂಡಿತ್ತು. ನನ್ನ ಸೂಜಿ ಅವರಿಗೆ ಬೇಕಿತ್ತು. ಜಲಜಾ ಮಾತ್ರ, ತಮ್ಮನ ಸುದ್ದಿ ಕೇಳುವ ಆತಂಕಕ್ಕೆ ನನ್ನ ಎದೆ ಹಾಗೆ ಬಡಿಯುತ್ತದೆ ಎಂದುಕೊಂಡಿದ್ದಳಂತೆ. ಟೇಪನ್ನು ಸುತ್ತಿ ಡ್ರಾಯರಿಗೆ ಹಾಕಿ, "ಕೈ ಇಳಿಸಿ, ಮನೆಗೆ ಹೋಗಿ" ಎಂದೆ. ಅವರು ಹೋದರು. ಪಶುಪತಿಯೂ ಹೋದ. ಹೊರಗೆ ಹೋಗುವಾಗ ಗೋಡೆಗೆ ಹೇಳುವವನಂತೆ, "ಡಾಕ್ಟರಮ್ಮ ನಾಲ್ಕು ಗಂಟೆಗೆ ಇರ್ತಾರೆ" ಎಂದ.

ಡಾಕ್ಟರ್ ಸಬೀಹಾ ನನ್ನ ಎದೆಯನ್ನು ಕೇಳುವ ಗೋಜಿಗೇ ಹೋಗದೆ ಮೊದಲು ತೋಳಿಗೆ ಪಟ್ಟಿ ಕಟ್ಟಿದರು. "ಈ ಊರೋರಿಗೆ ಕಿವಿ ಒಂದಿದ್ರೆ ಸಾಕು, ಎಲ್ಲಾ ಗೊತ್ತಾಗುತ್ತೆ ಅನ್ಕೊಂಡಿದ್ದಾರೆ. ಚೆನ್ನಾಗಿ ಕೇಳೋ ಎದೆಗೂ ಬಿಪಿ ಇರುತ್ತೆ, ಸಕ್ಕರೆ ಇರುತ್ತೆ, ಅದು ಯಾವ ಬೀದಿಗೂ ಕೇಳಲ್ಲ" ಎಂದು ಗೊಣಗಿದರು. ಆಮೇಲೆ ಪ್ರಶ್ನೆ ಕೇಳಿದರು. ದಿನಕ್ಕೆ ಎಷ್ಟು ಟೀ? ಏಳು. ಸಕ್ಕರೆ? ಎರಡೆರಡು ಚಮಚ. ಊಟಕ್ಕೆ? ಮೊಸರನ್ನ, ಉಪ್ಪಿನಕಾಯಿ, ಹಪ್ಪಳ. ಒಬ್ಬಳಿಗೋಸ್ಕರ ಯಾರು ಅಡಿಗೆ ಮಾಡುತ್ತಾರೆ, ಎಂದೆ. ಎಷ್ಟು ಹೊತ್ತು ಕೂರುತ್ತೀರಿ? ಹನ್ನೆರಡು ಗಂಟೆ. ನಡೆಯುವುದು? ಅಂಗಡಿಯಿಂದ ಹಿಂದಿನ ಅಡಿಗೆಮನೆಗೆ, ಅಲ್ಲಿಂದ ಅಂಗಡಿಗೆ. ನನ್ನ ಬಾಯಿಂದಲೇ ಒಂದೊಂದು ಉತ್ತರ ಹೊರಬೀಳುತ್ತಿದ್ದಂತೆ ನನಗೆ ನಾಚಿಕೆಯಾಯಿತು. ಕೆರೆ ಏರಿಯ ಗೋಡೆಯನ್ನು ನೋಡಿ ಇಷ್ಟು ವರ್ಷ ನಕ್ಕವಳು ನಾನು. ಗೋಡೆ ಸುಳ್ಳು ಹೇಳಿರಲಿಲ್ಲ. ಬರೆಸಿದವರ ಮೇಲಿನ ತಾತ್ಸಾರಕ್ಕೆ ಬರೆದದ್ದನ್ನೂ ತಳ್ಳಿಹಾಕಿದ್ದೆ, ಅಷ್ಟೇ. "ಕೊನೇ ಸಲ ನಿಮ್ಮ ಸೊಂಟದ ಅಳತೆ ತಗೊಂಡಿದ್ದು ಯಾವಾಗ?" ಎಂದು ಕೇಳಿದರು ಡಾಕ್ಟರಮ್ಮ.

ಮಾತ್ರೆ ಶುರುವಾಯಿತು. ಟೀ ಎರಡಕ್ಕೆ ಇಳಿಯಿತು. ಮೊದಲ ವಾರ ಗಿರಾಕಿಗಳ ಮೇಲೆಲ್ಲ ರೇಗಿದೆ. ಬೇಳೆ, ಸೊಪ್ಪು, ಹುರುಳಿಕಾಯಿ ತಂದು ಒಬ್ಬಳಿಗೇ ಅಡಿಗೆ ಮಾಡಿದೆ. ಉಪ್ಪಿಲ್ಲದ ಸಾರನ್ನು ಹೊಗಳುವವರ ನಾಲಿಗೆಯನ್ನು ಪರೀಕ್ಷೆ ಮಾಡಿಸಬೇಕು. ಎರಡು ತಿಂಗಳಾದರೂ ನನಗೆ ಅದು ಸಾರೆನಿಸಿಲ್ಲ, ಆದರೂ ತಿನ್ನುತ್ತೇನೆ. ಅರ್ಧ ಗಂಟೆಗೊಮ್ಮೆ ಮಿಷನ್ ಬಿಟ್ಟು ಎದ್ದು ನಿಲ್ಲುತ್ತೇನೆ. ಹತ್ತಿಯ ಬನಿಯನ್ನು ಹೊಲಿಯುವುದನ್ನು ನಿಲ್ಲಿಸಿದೆ. ಅದರಿಂದ ಊರೇನೂ ಉದ್ಧಾರವಾಗಲಿಲ್ಲ. ಕೆಳಬೀದಿಯ ದರ್ಜಿಗೆ ಕೈತುಂಬ ಕೆಲಸವಾಯಿತು, ಇಂದುಧರರು ಈಗ ರಬ್ಬರ್ ಹಾಳೆಯೊಳಗೆ ಬೆವರುತ್ತ ಮೈಕಿನ ಮುಂದೆ ನಿಲ್ಲುತ್ತಾರೆ. ನಡೆಯುವುದೊಂದು ಮಾತ್ರ ನನ್ನಿಂದ ಆಗುತ್ತಿರಲಿಲ್ಲ. ಏರಿಯ ಮೇಲೆ ಆ ಬಿಳಿ ಬೂಟುಗಳ ನಡುವೆ ಹೋಗುವುದಕ್ಕಿಂತ ಸಾಯುವುದೇ ವಾಸಿ ಎಂದು ಕೂತಿದ್ದೆ.

ಒಂದು ಬೆಳಿಗ್ಗೆ ಆರೂಕಾಲಿಗೆ ಪಶುಪತಿ ಅಂಗಡಿಯ ಮುಂದೆ ನಿಂತ. ಒಳಗೆ ಬರಲಿಲ್ಲ, ಕರೆಯಲಿಲ್ಲ. ಬೀದಿಯ ಕಡೆ ಮುಖ ಮಾಡಿ, ಕೈಯನ್ನು ಹಿಂದೆ ಕಟ್ಟಿಕೊಂಡು ಬಸ್ಸು ಕಾಯುವವನ ಹಾಗೆ ನಿಂತಿದ್ದ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದು ಬಾಗಿಲಿಗೆ ಬೀಗ ಹಾಕಿದೆ. ಬೀಗದ ಸದ್ದು ಕೇಳಿದ್ದೇ ಅವನು ನಡೆಯಲು ಶುರು ಮಾಡಿದ. ನಾನು ಹಿಂದೆ.

"ಪಶು" ಎಂದೆ, ಸ್ವಲ್ಪ ದೂರ ಹೋದ ಮೇಲೆ. "ನಾನು ಮಾಡಿದ್ದು..."

"ನಡಿಯೋವಾಗ ಮಾತಾಡ್ಬಾರ್ದು" ಎಂದ, ತಿರುಗದೆ. "ಉಸಿರು ಹೋಗುತ್ತೆ."

ಕ್ಷಮಿಸಿದನೋ ಇಲ್ಲವೋ ಎಂದು ಆ ಬೆನ್ನನ್ನು ನೋಡಿ ಹೇಳಲು ಬರುವುದಿಲ್ಲ. ಅವನ ಎದೆಯನ್ನು ಕೇಳಿದೆ. ಹೆಜ್ಜೆಗೆ ಸರಿಯಾಗಿ ಬಡಿಯುತ್ತಿತ್ತು, ಅದರಿಂದಲೂ ಏನೂ ತಿಳಿಯಲಿಲ್ಲ. ಊರೆಲ್ಲ ಎದೆಗೆ ಕಿವಿಕೊಟ್ಟು ಏನೇನೋ ತಿಳಿದುಕೊಂಡಿದ್ದೇವೆ ಎಂದು ಬೀಗುತ್ತೇವಲ್ಲ. ಒಡಹುಟ್ಟಿದವನ ಎದೆಯಲ್ಲಿ ಏನಿದೆ ಎಂದು ಅಷ್ಟು ಹತ್ತಿರದಿಂದ ಕೇಳಿದರೂ ನನಗೆ ಗೊತ್ತಾಗಲಿಲ್ಲ.

ಡಿಪೋದ ಏರು ಬಂತು. ಅರ್ಧಕ್ಕೇ ನನ್ನ ಕಾಲು ನಿಂತಿತು. ಒಂದು ಲೈಟು ಕಂಬ ಹಿಡಿದುಕೊಂಡೆ. ಪಕ್ಕದಲ್ಲಿ ಹಾಲು ಹಾಕುವ ಹೆಂಗಸೊಬ್ಬಳು ನನ್ನ ಎದೆ ಕೇಳಿ ಮುಖ ಸಿಂಡರಿಸಿ ಆಚೆ ಸರಿದು ಹೋದಳು. ಹತ್ತು ಹೆಜ್ಜೆ ಮುಂದೆ ಪಶುಪತಿಯೂ ನಿಂತ. ಡಿಪೋದಲ್ಲಿ ಕೆಲಸ ಶುರುವಾಗುವ ಸೈರನ್ ಆಯಿತು, ಅವನು ಕದಲಲಿಲ್ಲ. ಹಿಂದಿರುಗಿ ನೋಡಲೂ ಇಲ್ಲ. ತಲೆಯನ್ನು ಒಂದು ಕಡೆಗೆ ಸ್ವಲ್ಪ ವಾಲಿಸಿ ನಿಂತೇ ಇದ್ದ. ಆಮೇಲೆ, ನನಗೆ ಕೇಳದ ಯಾವುದೋ ಒಂದು ಅವನಿಗೆ ಸರಿಯಾಗಿ ಕೇಳಿಸಿರಬೇಕು, "ಹೂಂ, ಬಾ" ಎಂದು ಮುಂದಕ್ಕೆ ಹೆಜ್ಜೆ ಹಾಕಿದ.